ಐದು ಮಾರು ಸಾಕೆಂದವನು

"ಮಾಸ್ತರೇ, ಮೋಜಿಗಾಗಿ ಮುಳುಗುವವನಿಗೆ ಮೇಲಿನ ಪ್ರಮಾಣಪತ್ರ ಬೇಕೇ?" ಎಂದು ಸುಮಂತ ಕೇಳಿದ.

ವಿಠೋಬ ಮಾಸ್ತರು ಕಡಲತೀರದಲ್ಲಿ ಸ್ಕೂಬಾ ಕಲಿಸುವವರು. ಅವರ ಬಳಿ ಸುಮಂತ ಮೊದಲ ಪ್ರಮಾಣಪತ್ರ ಪಡೆದು ತಿಂಗಳಾಗಿತ್ತು. ಅದರಲ್ಲಿ ಹದಿನೆಂಟು ಮೀಟರ್ ಇಳಿಯಬಹುದು, ಮೇಲಿನದು ಸಿಕ್ಕರೆ ಮೂವತ್ತು. ತನಗೆ ಬಣ್ಣದ ಮೀನು ನೋಡಿದರೆ ಸಾಕು, ಅವು ಹತ್ತು ಮೀಟರಿನಲ್ಲೇ ಸಿಗುತ್ತವೆ, ಇನ್ನೊಂದು ಕಾರ್ಡು ಕಟ್ಟಿಕೊಂಡು ಏನಾಗಬೇಕು ಎಂಬುದು ಅವನ ವಾದ. ಆದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಬೆಳಗಿನಿಂದ ಇದನ್ನೇ ಮೂರು ಬಗೆಯಲ್ಲಿ ಕೇಳಿದ್ದ.

"ಮೊದಲು ಕೂತುಕೋ. ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುವವನಿಗೆ ಕತೆ ಹೇಳಲು ನನಗೆ ಬರುವುದಿಲ್ಲ," ಎಂದರು ಮಾಸ್ತರು. ಅವನು ಕೂತ ಮೇಲೆ ಹೇಳತೊಡಗಿದರು.

ಸಿಲಿಂಡರು ಗಿಲಿಂಡರು ಇಲ್ಲದ ಕಾಲ. ಒಂದೂರಿನ ಜನ ಬಂಡೆಗೆ ಕಚ್ಚಿದ ಚಿಪ್ಪು ಕೀಳಲು ಉಸಿರು ಕಟ್ಟಿ ಮುಳುಗುತ್ತಿದ್ದರು. ಸೊಂಟಕ್ಕೆ ಹಗ್ಗ, ಹಗ್ಗಕ್ಕೆ ಮಾರಿಗೊಂದು, ಎಂದರೆ ಎರಡು ಕೈ ಚಾಚಿದಷ್ಟು ಉದ್ದಕ್ಕೊಂದು ಗಂಟು, ಅದರ ತುದಿ ಹಿಡಿಯಲು ದೋಣಿಯಲ್ಲಿ ಒಬ್ಬ. ಐದು ಮಾರು ಇಳಿಯಬಲ್ಲವನು ಮುಳುಗಬಹುದು, ಆದರೆ ಹಗ್ಗ ಹಿಡಿಯುವಂತಿಲ್ಲ. ಹಗ್ಗ ಹಿಡಿಯಲು ಹತ್ತು ಮಾರು ಬಲ್ಲವನೇ ಬೇಕು. ಇದು ಆ ಊರಿನ ಕಟ್ಟಳೆ. ನಮ್ಮಲ್ಲಾದರೆ ಕೈಲಾಗದವನನ್ನೇ ದೋಣಿಯಲ್ಲಿ ಕೂರಿಸುತ್ತೇವೆ.

ಅಲ್ಲಿಗೆ ಒಬ್ಬ ವ್ಯಾಪಾರಿ ಬಂದ. ನೀರಿನ ಹುಚ್ಚು ಹತ್ತಿಸಿಕೊಂಡು ಐದು ಮಾರು ಕಲಿತ. ಊರಿನ ಹಿರಿಯ ಇನ್ನು ಹದಿನೈದು ದಿನ ಇದ್ದು ಹತ್ತನ್ನೂ ಕಲಿ ಎಂದ. ನಾನೇನು ಚಿಪ್ಪು ಮಾರಿ ಬದುಕಬೇಕೇ, ಮೋಜಿಗೆ ಐದು ಸಾಕು ಎಂದು ವ್ಯಾಪಾರಿ ನಕ್ಕ. ಹಿರಿಯ ಒತ್ತಾಯಿಸಲಿಲ್ಲ. ಗಂಡನ ಸಂತೋಷ ನೋಡಿ ಹೆಂಡತಿಯೂ ಐದು ಮಾರು ಕಲಿತಳು.

ಒಂದು ದಿನ ಹಗ್ಗ ಹಿಡಿಯುವವನು ಮದುವೆಗೆಂದು ಹೋಗಿದ್ದ. ನೀರು ತಿಳಿಯಾಗಿತ್ತು, ಸುಮ್ಮನೆ ಕೂರಲು ಇಬ್ಬರಿಂದಲೂ ಆಗಲಿಲ್ಲ. ಹಗ್ಗ ಹಿಡಿಯುವುದೇನು ಮಹಾ ವಿದ್ಯೆ ಎಂದುಕೊಂಡ ವ್ಯಾಪಾರಿ ತಾನೇ ಹಿಡಿದು ಕೂತ. ಹೆಂಡತಿ ಇಳಿದಳು.

ಹಗ್ಗ ಸರಸರನೆ ಓಡಿತು. ಅವಳು ಖುಷಿಯಲ್ಲಿ ಈಜುತ್ತಿದ್ದಾಳೆಂದು ಬಗೆದು ಅವನು ಬಿಡುತ್ತಲೇ ಹೋದ. ಈಜುವವರ ಹಗ್ಗ ತಡೆತಡೆದು ಓಡುತ್ತದೆ, ಸೆಳೆತಕ್ಕೆ ಸಿಕ್ಕವರದು ಒಂದೇ ಸಮನೆ ಓಡುತ್ತದೆ. ಹತ್ತು ಮಾರು ಬಲ್ಲವನ ಕೈಗೆ ಅದು ಗೊತ್ತು. ಇವನ ಕೈಗೆ ಗೊತ್ತಿರಲಿಲ್ಲ. ಏಳನೆಯ ಗಂಟು ದಾಟಿದಾಗ ಹಗ್ಗ ನಿಂತಿತು. ಎಳೆದ, ಬರಲಿಲ್ಲ. ಕೆಳಗೆ ಬಂಡೆಯ ಸೀಳಿಗೆ ಅದು ಸಿಕ್ಕಿಕೊಂಡಿತ್ತು.

ಅವನು ನೀರಿಗೆ ಹಾರಿದ. ಐದು ಮಾರಿನವರೆಗೆ ಇಳಿದ. ಅಲ್ಲಿಂದ ಕಿವಿ ಸಿಡಿಯತೊಡಗಿತು, ಎದೆ ಬಿಗಿಯಿತು, ಮೇಲೆ ಬಂದ. ಮತ್ತೆ ಹಾರಿದ, ಮತ್ತೆ ಐದು ಮಾರು. ಹೆಂಡತಿಯ ಸೀರೆಯ ಬಣ್ಣ ಎರಡು ಮಾರು ಕೆಳಗೆ ಕಾಣುತ್ತಿತ್ತು. ಮುಟ್ಟಲಾಗಲಿಲ್ಲ. ಮೇಲೆ ಬಂದು ದೋಣಿಯ ಅಂಚಿಗೆ ಹಣೆ ಚಚ್ಚಿಕೊಂಡ.

ಅಷ್ಟರಲ್ಲಿ ಪಕ್ಕದ ದೋಣಿಯ ಮುದುಕಿಯೊಬ್ಬಳು ಚಿಪ್ಪು ಕೀಳುವ ಕತ್ತಿ ಕಚ್ಚಿಕೊಂಡು ಮುಳುಗಿದಳು. ಹಗ್ಗ ಕೊಯ್ದು ಅವಳನ್ನು ಮೇಲೆ ತಂದಳು. ಹೊಟ್ಟೆಯ ನೀರೆಲ್ಲ ಕಕ್ಕಿ, ಬಹಳ ಹೊತ್ತಿನ ಮೇಲೆ ಹೆಂಡತಿ ಕಣ್ಣು ಬಿಟ್ಟಳು. ಗಂಡ ಗಡಗಡ ನಡುಗುವುದನ್ನು ಕಂಡು ಅವನಿಗೇ ಸಮಾಧಾನ ಹೇಳಿದಳು.

"ನನಗೇನೂ ಭಯವಾಗಲಿಲ್ಲ. ಮೇಲೆ ನೀವಿದ್ದೀರಲ್ಲ ಎಂದುಕೊಂಡಿದ್ದೆ."

ಆ ಮಾತು ಕೇಳಿ ವ್ಯಾಪಾರಿ ಮುಖ ಮುಚ್ಚಿಕೊಂಡು ಅತ್ತ.

ಮಾಸ್ತರು ಕತೆ ನಿಲ್ಲಿಸಿದರು. ಸುಮಂತನಿಗೆ ತಡೆಯಲಾಗಲಿಲ್ಲ. ಆಮೇಲಾದರೂ ಅವನು ಹತ್ತು ಮಾರು ಕಲಿತನೇ ಎಂದು ಕೇಳಿದ.

"ಅವನ ವಿಷಯ ಬಿಡು, ನಿನ್ನನ್ನು ನಂಬಿ ನೀರಿಗೆ ಇಳಿಯುವವರು ಯಾರು, ಅದನ್ನು ಹೇಳು," ಎಂದರು ಮಾಸ್ತರು.