ಗುಡ್ಡದ ಮೇಲೆ ಮೇಕೆಯ ದೂರು

ಗುಡ್ಡದ ಪಡುವಣ ಮಗ್ಗುಲಲ್ಲಿ ಒಂದು ಎಮ್ಮೆ ಮೇಯುತ್ತಿತ್ತು, ಮೂಡಣ ಮಗ್ಗುಲಲ್ಲಿ ಒಂದು ಮೇಕೆ. ಕಡಲಿನಿಂದ ಬಂದ ಮೋಡಗಳು ಗುಡ್ಡ ಹತ್ತುವಷ್ಟರಲ್ಲೇ ಸುಸ್ತಾಗಿ ಹೊರೆಯನ್ನೆಲ್ಲ ಎಮ್ಮೆಯ ಕಡೆಗೇ ಇಳಿಸಿಬಿಡುತ್ತಿದ್ದವು. ಮೇಕೆಯ ಪಾಲಿಗೆ ಇದ್ದುದು ಗುಡ್ಡದ ಬುಡದಲ್ಲಿ ಜಿನುಗುವ ಒಂದು ಒರತೆ ಮಾತ್ರ.

ಒಂದು ದಿನ ಆ ಒರತೆಯ ನೀರನ್ನೇ ಹೊಟ್ಟೆತುಂಬ ಕುಡಿದು ಮೇಕೆ ತಲೆಯೆತ್ತಿತು. "ಗುಡ್ಡಪ್ಪಾ, ನೀನು ಪಕ್ಷಪಾತಿ."

"ನಾನು ಎತ್ತರವಾಗಿದ್ದೇನೆ, ಅಷ್ಟೇ," ಎಂದಿತು ಗುಡ್ಡ. "ಮೋಡ ಮೇಲೇರಿದರೆ ತಣಿಯುತ್ತದೆ, ತಣಿದರೆ ಸುರಿಯುತ್ತದೆ. ನೀನು ಈಗ ಕುಡಿದದ್ದೂ ನನ್ನೊಳಗೆ ಇಂಗಿ ಬಂದ ಆ ಮಳೆಯನ್ನೇ."

ಅಲ್ಲೇ ಕಿವಿಗೊಟ್ಟು ನಿಂತಿದ್ದ ಜಲ್ಲಿ ಒಡೆಯುವ ಯಂತ್ರ ಮುಂದೆ ಬಂತು. "ಎತ್ತರವೇ ತಪ್ಪು ಎಂದಮೇಲೆ ಇಳಿಸಿಬಿಡೋಣ, ಮೇಕೆಯವರೇ. ನ್ಯಾಯ ನಿಮಗಿರಲಿ, ಜಲ್ಲಿ ನನಗಿರಲಿ. ಅರ್ಜಿಯ ಮೇಲೆ ಗೊರಸೊತ್ತಿ."

ಮೇಕೆ ಒಂದಲ್ಲ, ನಾಲ್ಕೂ ಗೊರಸು ಒತ್ತಿತು.

ಕೆಲವೇ ವರ್ಷಗಳಲ್ಲಿ ಗುಡ್ಡ ಹೋಗಿ ಗುಂಡಿ ಉಳಿಯಿತು. ಮುಂಗಾರಿಗೆ ಮೋಡಗಳು ಎಂದಿನಂತೆ ಬಂದವು. ಹತ್ತಲು ಏನೂ ಇಲ್ಲದ್ದರಿಂದ ಇಬ್ಬರ ತಲೆಯ ಮೇಲೂ ಹಾದು ಎಲ್ಲಿಗೋ ಹೋದವು. ಒರತೆಯೂ ಬತ್ತಿತು.

ಎಮ್ಮೆ ಏದುಸಿರು ಬಿಡುತ್ತ ಗುಂಡಿ ದಾಟಿ ಬಂತು. "ಮೇಕೆಯಕ್ಕಾ, ನಿನ್ನ ಕಡೆ ಒಂದು ಗುಟುಕು ನೀರಿದೆಯೇ?"

ಮೇಕೆ ಒಣಗಿದ ತುಟಿ ನೆಕ್ಕಿಕೊಂಡು ಎದೆಯುಬ್ಬಿಸಿತು.

"ನೀರಿಲ್ಲ. ಆದರೆ ನೋಡು, ಈಗ ಯಾರಿಗೂ ಒಂದು ಹನಿ ಹೆಚ್ಚಿಲ್ಲ."