ಸ್ನಾಯುವಿನ ತುದಿ ಹಿಡಿದ ಅಂಟು

ಬಾಳೆಹಣ್ಣಿನ ಮೇಲೆ ಕೂತಿದ್ದ ಪುಟ್ಟ ಹಣ್ಣುನೊಣವೊಂದರ ಎದೆಯೊಳಗೆ ರೆಕ್ಕೆ ಬಡಿಸುವ ಸ್ನಾಯುವೊಂದಿತ್ತು. ತನ್ನ ತುದಿಯನ್ನು ಎದೆಗೂಡಿಗೆ ಕಚ್ಚಿಸಿ ಹಿಡಿದಿದ್ದ ಅಂಟನ್ನು ಕಂಡರೆ ಅದಕ್ಕೆ ಆಗುತ್ತಿರಲಿಲ್ಲ.

"ನೊಣವನ್ನು ಹಾರಿಸುವವನು ನಾನು. ನೀನು ಹುಟ್ಟಿದಾಗಿನಿಂದ ನನ್ನ ಕಾಲು ಹಿಡಿದು ನೇತಾಡುತ್ತಿದ್ದೀಯ. ಬಿಡು, ನನ್ನ ಬಲ ತೋರಿಸುತ್ತೇನೆ!" ಎಂದು ಸ್ನಾಯು ಗುಡುಗಿತು.

"ಸ್ವಲ್ಪ ಸಡಿಲಿಸುತ್ತೇನೆ, ತೋರಿಸಪ್ಪ" ಎಂದಿತು ಅಂಟು.

ಸ್ನಾಯು ಇದ್ದಬದ್ದ ಬಲವನ್ನೆಲ್ಲ ಹಾಕಿ ಎಳೆಯಿತು. ರೆಕ್ಕೆ ಅಲುಗಲೇ ಇಲ್ಲ. ಸ್ನಾಯುವೇ ಮುದುಡಿಕೊಂಡು, ಅದರ ಎಳೆಗಳೆಲ್ಲ ಸಿಕ್ಕುಸಿಕ್ಕಾದವು. ಅಷ್ಟರಲ್ಲಿ ಹಲ್ಲಿಯೊಂದು ಸರಸರನೆ ಹಣ್ಣಿನ ಬಳಿ ಬಂತು.

"ಅಣ್ಣಾ, ಹಿಡಿದುಕೋ!" ಎಂದು ಸ್ನಾಯು ಕಿರುಚಿತು.

ಅಂಟು ಗಬಕ್ಕನೆ ಹಿಡಿಯಿತು. ಎಳೆಗಳು ನೆಟ್ಟಗಾದವು, ರೆಕ್ಕೆ ಗುಂಯ್‌ಗುಟ್ಟಿತು, ಹಲ್ಲಿಯ ಬಾಯಿಗೆ ಬರೀ ಗಾಳಿ ಸಿಕ್ಕಿತು.

ಸ್ನಾಯುವಿಗೆ ಬೆರಗೋ ಬೆರಗು. "ಇಷ್ಟು ಜೋರಾಗಿ ಎಳೆದರೂ ನಿನ್ನ ಕೈ ಸೋಲಲಿಲ್ಲವೇ ಅಣ್ಣಾ?"

"ನಾನಾಗಿ ಬಿಡದಿದ್ದರೆ, ನೀನು ಎಳೆದಷ್ಟೂ ನನ್ನ ಹಿಡಿತ ಬಿಗಿಯಾಗುತ್ತದೆ ತಮ್ಮಾ. ನೀನು ಸುಮ್ಮನಾದರೇ ನನ್ನ ಕೈ ಸಡಿಲವಾಗುವುದು."

ನೊಣ ಆಗಲೇ ದೂರದ ಕಿಟಕಿಯಲ್ಲಿ ಇಳಿದು ಕೂತಿತ್ತು. ಆದರೂ ಸ್ನಾಯು, ಅಣ್ಣನ ಕೈ ಸೋಲದಿರಲೆಂದು, ಮೆಲ್ಲಗೆ ಎಳೆಯುತ್ತಲೇ ಇತ್ತು.