ನುಂಗಣ್ಣನ ಸುಳ್ಳು ತೇಗು

ಜ್ವರದ ಮಾತ್ರೆ ನುಂಗಿದ್ಯಾ ನೀಲು? ಹ್ಞೂಂ ಅಂದ್ಯಾ, ಸರಿ, ಕಣ್ಣು ಮುಚ್ಕೋ. ಒಂದಾನೊಂದು ಕಾಲದಲ್ಲಿ, ಅಂದ್ರೆ ಬಹಳ ಹಿಂದೇನಲ್ಲ, ನಮ್ಮ ಬೂದಿ ನಾಯಿಯ ಅಜ್ಜಿ ಇನ್ನೂ ಮರಿಯಾಗಿದ್ದಾಗ, ಆ ಮರಿಯ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಊರೊಂದಿತ್ತಂತೆ. ಅದರ ಕಾವಲುಗಾರ ನುಂಗಣ್ಣ. ಕಳ್ಳರನ್ನ ಹಿಡಿದು ಕಟ್ಟಿಹಾಕೋದು ಅವನಿಗೆ ಗೊತ್ತೇ ಇಲ್ಲ, ಗುಳುಕ್ ಅಂತ ನುಂಗಿಬಿಡ್ತಿದ್ದನಂತೆ. ಅವನ ಹೊಟ್ಟೆ ತುಂಬ ಹುಳಿ ನೀರು, ಹುಣಿಸೇಹಣ್ಣಿನ ಗೊಜ್ಜಿಗಿಂತ ಹುಳಿ, ಬಿದ್ದವರು ಕರಗಿಹೋಗೋರು. ನುಂಗಿ ಆದಮೇಲೆ ಒಂದು ತೇಗು ತೇಗಬೇಕು, ಅದು ಆ ಊರಿನ ಪದ್ಧತಿ. ತೇಗು ಕೇಳಿಸ್ತು ಅಂದ್ರೆ ಕಳ್ಳ ಸತ್ತ ಅಂತ ಅರ್ಥ, ಊರಿನವರು ನಿಶ್ಚಿಂತೆಯಾಗಿ ಕೆಲಸಕ್ಕೆ ಹೋಗೋರು. ಹೊಟ್ಟೆ ಒಳಗೆ ಇಣುಕಿ ನೋಡಿದವರು ಯಾರೂ ಇಲ್ಲ, ನುಂಗಣ್ಣನೂ ಇಲ್ಲ.

ಒಂದು ದಿನ ಸೊಳ್ಳೆಗಿಂತ ಸಣ್ಣದೊಂದು ಮರಳುನೊಣ ಬಂದು ಮರಿಯ ಕಿವಿ ಕಚ್ತಂತೆ. ಅದರ ಬಾಯಿಂದ ಮೂವರು ಕಳ್ಳರು ಇಳಿದರಂತೆ, ಅಣ್ಣತಮ್ಮಂದಿರು, ಮೂವರಿಗೂ ಉದ್ದುದ್ದ ಬಾಲ, ಬಾಲ ಬೀಸಿಕೊಂಡು ಈಜೋದೇ ಅವರ ಜಂಬ. ದೊಡ್ಡವನು ಜಗಳಕ್ಕೆ ನಿಂತ, ನುಂಗಣ್ಣ ನುಂಗಿದ, ಅವನು ಕರಗಿದ, ಇವನು ತೇಗಿದ. ಆಮೇಲೆ ನಡುವಿನವನು ಓಡಿದ, ಬಾಲ ಕೈಗೆ ಸಿಕ್ತು, ಅವನೂ ಕರಗಿದ, ಇನ್ನೊಂದು ತೇಗು. ಆಮೇಲೆ ಚಿಕ್ಕವನು. ಓಡಲೂ ಇಲ್ಲ, ಜಗಳಾನೂ ಆಡಲಿಲ್ಲ, ತಾನೇ ಬಾಯೊಳಕ್ಕೆ ನಡೆದನಂತೆ! ಎಂಥ ಕಿಲಾಡಿ ನೋಡು. ಒಳಗೆ ಹೋದೋನೇ ಬಾಲ ಕಳಚಿ ಬಾಯಿಂದಾಚೆ ಬಿಸಾಕಿ, ಮೈ ಮುದುರಿ, ಸಾಸಿವೆಕಾಳಿನ ಹಾಗೆ ಗುಂಡಗಾಗಿ ಹುಳಿ ನೀರಲ್ಲಿ ಕೂತುಬಿಟ್ಟನಂತೆ. ಕರಗೋ ಮಾತೆಲ್ಲಿ ಬಂತು, ಆಹಾ ಬೆಚ್ಚಗಿದೆ ಅಂದನಂತೆ.

ಈ ಸಲ ನುಂಗಣ್ಣನಿಗೆ ತೇಗು ಬರಲಿಲ್ಲ. ಊರಿನವರು ಕಾಯ್ತಾ ನಿಂತಿದ್ರಲ್ಲ, ಗಂಟಲಲ್ಲೇ ತೇಗಿನ ಹಾಗೆ ಒಂದು ಸದ್ದು ಮಾಡಿಬಿಟ್ಟ.

ಆಮೇಲೆ ಹೊಟ್ಟೆಯೊಳಗೆ ಒಬ್ಬ ಇಬ್ಬರಾದ, ಇಬ್ಬರು ನಾಲ್ವರಾದರು, ನುಂಗಣ್ಣ ಉಂಡಿದ್ದೆಲ್ಲ ಅವರ ಪಾಲು. ಮರಿಗೆ ಜ್ವರ ಬಂತು, ಹಾಲು ಮುಟ್ಟಲಿಲ್ಲ. ಮರಿ ಹೋದ್ರೆ ಊರೂ ಹೋಯ್ತು. ನುಂಗಣ್ಣನಿಗೆ ಗೊತ್ತಿತ್ತು, ಆದ್ರೆ ಹೇಳೋಕೆ ನಾಚಿಕೆ. ಸುಳ್ಳು ತೇಗಿದೆ ಅಂದ್ರೆ ಇನ್ಮೇಲೆ ನನ್ನ ಯಾರು ನಂಬ್ತಾರೆ ಅಂತ ಮೂರು ದಿನ ಬಾಯಿ ಮುಚ್ಕೊಂಡಿದ್ದ. ಮರಿ ಬಾಲ ಆಡಿಸೋದೂ ನಿಲ್ಲಿಸಿತು ನೋಡು, ಆಗ ನುಂಗಣ್ಣ ಎದ್ದ. ಕಳ್ಳ ಬಿಸಾಕಿದ್ದ ಬಾಲದ ಚೂರು ತಂದು ಎಲ್ಲರಿಗೂ ಕಾಣೋ ಹಾಗೆ ತನ್ನ ಬಾಗಿಲಿಗೆ ನೇತುಹಾಕಿದನಂತೆ.

ಊರಿಗೆ ಹಿರಿಯಳು ಸಣ್ಣವ್ವ ಬಂದು ಇದೇನಪ್ಪಾ ಅಂದಳು. ನುಂಗಣ್ಣ ತಲೆ ತಗ್ಗಿಸಿದ.

"ಅವ್ವಾ, ಅವತ್ತಿನ ತೇಗು ಸುಳ್ಳು. ಕಳ್ಳ ನನ್ನ ಹೊಟ್ಟೇಲೇ ಇದಾನೆ."

ಅವಳು ಬೈಯಲಿಲ್ಲ. ಮೊದಲೇ ಹೇಳಬಾರದಿತ್ತೇನೋ ಮಂಕೆ ಅಂತ ಕಾಳುಮೆಣಸಿನ ಕಷಾಯ ಕುಡಿಸಿದಳಂತೆ. ಹುಳಿ ತಡೆದವರು ಖಾರ ತಡೀಲಿಲ್ಲ. ಓಡೋಣ ಅಂದ್ರೆ ಬಾಲ ಎಲ್ಲಿದೆ? ಚಟಪಟ ಸಿಡಿದುಹೋದರು, ನುಂಗಣ್ಣ ಊರೆಲ್ಲ ಕೇಳೋ ಹಾಗೆ ನಿಜವಾದ ತೇಗು ತೇಗಿದ, ಮರಿ ಎದ್ದು ಹಾಲು ನೆಕ್ತಂತೆ. ಆದ್ರೆ ಹೊಟ್ಟೆಯ ಯಾವುದೋ ಮಡಿಕೆ ಸಂದಿಯಲ್ಲಿ ಒಬ್ಬ ಗುಂಡು ಕಳ್ಳ ಇನ್ನೂ ಮಲಗಿದಾನಂತೆ. ಅದಕ್ಕೇ ಈಗ ತೇಗು ಕೇಳಿದ್ರೂ ಊರಿನವರು, ಒಳಗೆ ನೋಡ್ಕೊಂಡ್ಯಾ ನುಂಗಣ್ಣ ಅಂತ ಕೇಳ್ತಾರಂತೆ, ಅವನು ಇಲ್ಲ ಅಂದ್ರೂ ಯಾರೂ ನಗಲ್ವಂತೆ.

ಇದ್ಯಾಕೆ ಎದ್ದು ಕೂತೆ ನೀಲು? ದಿಂಬಿನ ಕೆಳಗೆ ಏನು ಹುಡುಕ್ತೀಯಾ? ಅಯ್ಯೋ, ಮಾತ್ರೆ! ಇಲ್ಲ ಕಣೇ, ಬೈಯಲ್ಲ, ನೀರು ತರ್ತೀನಿ ಇರು. ಹ್ಞಾ, ನುಂಗಿದ್ಯಾ? ಬಾಯಿ ತೆಗಿ, ನೋಡ್ತೀನಿ. ಹೋಯ್ತು ಒಳಗೆ, ಈಗ ಕತೇನೂ ಮುಗೀತು, ಮಲ್ಕೋ.